ಷೇರಿನ ಅಸಲು ಬೆಲೆ ಹುಡುಕಿದ ಕಥೆ

ಮುನಿರ್ಕಾದ ಡಿ.ಡಿ.ಎ. ಮನೆಗಳಲ್ಲಿ ನೆಲೆಸಿರುವ ನಮ್ಮಂಥ ನಿವೃತ್ತರಿಗೆ ಜುಲೈ ಬಂತೆಂದರೆ ಅಟ್ಟದ ಟ್ರಂಕು ನೆನಪಾಗುತ್ತದೆ. ಕಳೆದ ಸಲ ನಾನೂ ಇಳಿಸಿದೆ. ಮಗಳ ಮದುವೆಗೆಂದು ಮಾರಿದ ಇನ್ಫೋಸಿಸ್ ಷೇರುಗಳನ್ನು ನಮ್ಮ ತಂದೆಯವರು ಎಷ್ಟಕ್ಕೆ ಕೊಂಡಿದ್ದರು? 1993ರ ಮೊದಲ ನೀಡಿಕೆಯಲ್ಲಿ ಬೆಲೆ 95 ರೂಪಾಯಿ. ಆಗಲೇ ಕೊಂಡರೋ, ಆಮೇಲೆ ಪೇಟೆಯಲ್ಲಿ ಕೊಂಡರೋ? ಊರೂರು ತಿರುಗಿದ ಸಂಸಾರದಲ್ಲಿ ಆ ಚೀಟಿ ಎಲ್ಲಿ ಉಳಿದೀತು! ಅಸಲು ತೋರಿಸಲಾಗದಿದ್ದರೆ ಮಾರಿದ ಹಣವೆಲ್ಲ ಲಾಭವೆಂದೇ ಲೆಕ್ಕಕ್ಕೆ ಬಂದೀತೆಂಬ ಹೆದರಿಕೆ ಬೇರೆ.

ತಾಪತ್ರಯ ಹಳೆಯದೇ. ಬಂಡವಾಳ ಲಾಭದ ಮೇಲಿನ ತೆರಿಗೆಯನ್ನು 1947ರ ಆಯವ್ಯಯದಲ್ಲಿ ತಂದವರು ಮಧ್ಯಂತರ ಸರ್ಕಾರದ ಲಿಯಾಖತ್ ಅಲಿ ಖಾನರು. ಎರಡೇ ವರ್ಷದಲ್ಲಿ ಅದು ಹೋಯಿತು. ಕೇಂಬ್ರಿಜ್ಜಿನ ಪಂಡಿತ ಕಾಲ್ಡರ್ ಅವರ ವರದಿಯ ಬಳಿಕ 1956ರಲ್ಲಿ ಟಿ.ಟಿ. ಕೃಷ್ಣಮಾಚಾರಿಯವರು ಮರಳಿ ತಂದರು. ಹಳೆಯ ಆಸ್ತಿಗೆ ಮಾತ್ರ ಕಾನೂನು ಒಂದು ಉಪಕಾರ ಮಾಡಿತು: ಗೊತ್ತುಪಡಿಸಿದ ಒಂದು ದಿನದ ಪೇಟೆ ಬೆಲೆಯನ್ನೇ ಅಸಲೆಂದು ಹಿಡಿಯಬಹುದು. ಆ ದಿನ 1954ರ ಜನವರಿ 1 ಆಗಿತ್ತು. ಮುಂದೆ 1964, 1974 ಎಂದು ಸರಿಯುತ್ತ 1981ರ ಏಪ್ರಿಲ್ 1ಕ್ಕೆ, 2017ರ ಕಾಯಿದೆಯಿಂದ 2001ರ ಏಪ್ರಿಲ್ 1ಕ್ಕೆ ಬಂತು.

ಪೇಟೆಯಲ್ಲಿ ಮಾರುವ ಷೇರಿನದು ಬೇರೆಯೇ ಕಥೆ. 2004ರ ಅಕ್ಟೋಬರಿನಿಂದ ದೀರ್ಘಕಾಲ ಇಟ್ಟುಕೊಂಡವಕ್ಕೆ ತೆರಿಗೆಯೇ ಇರಲಿಲ್ಲ. ಜನ ಚೀಟಿ ಕಾಯುವುದನ್ನೇ ಬಿಟ್ಟರು, ನಾನೂ ಬಿಟ್ಟೆ. 2018ರ ಆಯವ್ಯಯದಲ್ಲಿ ಅರುಣ್ ಜೇಟ್ಲಿಯವರು ತೆರಿಗೆಯನ್ನು ಮತ್ತೆ ಹಾಕಿದರು. ಆದರೆ ಅದಕ್ಕೆ ಮುಂಚೆ ಕೊಂಡವಕ್ಕೆ 2018ರ ಜನವರಿ 31ರಂದು ವಿನಿಮಯ ಕೇಂದ್ರದಲ್ಲಿ ನಡೆದ ಗರಿಷ್ಠ ಬೆಲೆಯನ್ನು ಅಸಲಾಗಿ ಹಿಡಿಯಲು ಬಿಟ್ಟರು. ಮಾರಿದ ಬೆಲೆಯನ್ನು ಮಾತ್ರ ಅದು ಮೀರುವಂತಿಲ್ಲ. 95 ರೂಪಾಯಿಯ ಚೀಟಿ ಸಿಕ್ಕಿದ್ದರೂ ನನಗೆ ಅದು ಬೇಕಿರಲಿಲ್ಲ!

ತೊಡಕು ಇನ್ನೊಂದು ಕಡೆ ಇತ್ತು. 2018ರ ಸೆಪ್ಟೆಂಬರಿನಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಿತು. ಜನವರಿಯ ನಂತರ ಬಂದ ಆ ಷೇರುಗಳ ಅಸಲು ಸೊನ್ನೆ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದೇ ಮೊದಲು ಮಾರಿದಂತೆ ಲೆಕ್ಕ. ತಂದೆಯವರ ಷೇರುಗಳು 2018ಕ್ಕೆ ಬಹಳ ಮೊದಲೇ ನನ್ನ ಖಾತೆಗೆ ಬಂದಿದ್ದರಿಂದ ಮದುವೆಗೆ ಹೋದವು ಹಳೆಯವೇ. ಉಳಿದದ್ದು ಬೋನಸ್ಸಿನದು. ಅವುಗಳ ತಾರೀಖನ್ನೂ ಸೊನ್ನೆಯನ್ನೂ ಬರೆದ ಚೀಟಿಯೊಂದನ್ನು ಮಗಳಿಗೆಂದು ಟ್ರಂಕಿನಲ್ಲಿ ಇಟ್ಟಿದ್ದೇನೆ.