ನಡುನೋವಿಗೆ ಸಾಮು

ನಮ್ಮ ಕಡೆ ಯಾರಿಗಾದರೂ ನಡ ಹಿಡಿಯಿತು ಅಂದರೆ ಮೊದಲು ಹುಡುಕುವುದು ಕಾಲು ಮುಂದಾಗಿ ಹುಟ್ಟಿದವರನ್ನು. ಅವರು ಬಂದು ನೋವಿನ ಜಾಗಕ್ಕೆ ಪಾದ ತಾಗಿಸಿ ಮೆಲ್ಲಗೆ ಒತ್ತಬೇಕು. ಅದಕ್ಕೂ ಬಗ್ಗದಿದ್ದರೆ ಬೆನ್ನ ಮೇಲೆ ಒನಕೆ ಉರುಳಿಸುವುದು, ತೌಡಿನ ಗಂಟು ಕಟ್ಟಿ ಕಾವು ಕೊಡುವುದು. ಆಮೇಲೆ ಆದವಾನಿಗೆ ಹೋಗಿ ಸೂಜಿ, ಮಾತ್ರೆ, ಸೊಂಟಕ್ಕೆ ಬೆಲ್ಟು. ಕೊನೆಗೆ ಎಲ್ಲರೂ ಹೇಳುವ ಮಾತು ಒಂದೇ: "ಸ್ವಲ್ಪ ದಿನ ಮಲಕ್ಕೋ, ಅಲ್ಲಾಡಬ್ಯಾಡ."

ಹಂಗಲ್ಲ, ಎದ್ದು ಸಾಮು ಮಾಡು ಅಂತ ಹೇಳಿದವರೂ ಇದ್ದಾರೆ. ಅವರೆಲ್ಲ ಯಾರು, ಎಂಥಾ ಸಾಮು ಹೇಳಿದರು, ಅದರೊಳಗೆ ಯಾವುದು ಮೇಲು ಅಂತ ತೂಗಿ ನೋಡಿದವರಿಗೆ ಏನು ಸಿಕ್ಕಿತು, ಇದನ್ನೆಲ್ಲ ಬರೆದುಕೊಡು ಅಂತ ವಾಚನಾಲಯದವರು ಕೇಳಿದರು. ನಾನು ಓದಿದ್ದು ಏಳನೇ ಇಯತ್ತೆ. ಇಂಗ್ಲಿಷಿನಲ್ಲಿದ್ದದ್ದನ್ನು ಮೇಷ್ಟ್ರುಗಳು ಓದಿ ಬಿಡಿಸಿ ಹೇಳಿದರು, ನಾನು ಕೇಳಿ ಕೇಳಿ ಬರೆದುಕೊಂಡೆ. ಗರಡಿಯ ವಿಷಯ ಮಾತ್ರ ನನ್ನ ಕಣ್ಣಿಂದ ಕಂಡದ್ದು.

ನಮ್ಮ ಸೀಮೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಆದವಾನಿ ಹತ್ತಿ ಮಾರ್ಕೆಟ್ಟಿನ ಹಮಾಲರನ್ನು ನೋಡ್ರಿ, ಎಮ್ಮಿಗನೂರಿನ ಗುಂಡಿ ಮಗ್ಗದಲ್ಲಿ ಕೂತು ನೇಯ್ದವರನ್ನು ಕೇಳ್ರಿ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಬೀಗ ಹಾಕಿ ಗುಂಟೂರಿನ ಕಡೆ ಸುಗ್ಗಿಗೆ ಹೋಗುತ್ತದೆ. ಅಲ್ಲಿ ಹತ್ತಿ ಬಿಡಿಸಬೇಕು, ಮೆಣಸಿನಕಾಯಿ ಹರೀಬೇಕು. ಬೆಳಗಿನಿಂದ ಹೊತ್ತು ಮುಳುಗುವ ತನಕ ಬಗ್ಗಿದ ನಡ ಎತ್ತುವ ಹಂಗಿಲ್ಲ. ಅವರಿಗೆ ಹದಿನೈದು ದಿನ ಮಲಗು ಅಂದರೆ ಹದಿನೈದು ದಿನದ ಕೂಲಿ ಬಿಡು ಅಂದಂಗೆ.

ಗರಡಿಯಿಂದ ಸುರು ಮಾಡುತ್ತೇನೆ. ನಾನು ಹುಡುಗನಾಗಿದ್ದಾಗ ನಮ್ಮೂರ ಹನುಮಪ್ಪನ ಗುಡಿ ಮಗ್ಗುಲಲ್ಲಿ ಗರಡಿ ಇತ್ತು. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆ, ಗುಂಡುಕಲ್ಲು. ಉಸ್ತಾದರು ಮೊದಲು ಕಲಿಸುವುದು ದಂಡ, ಆಮೇಲೆ ಬಸ್ಕಿ. ದಂಡ ಅಂದರೆ ಏನು ಅಂತ ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕಾಗಿದೆ. ಅಂಗೈ ನೆಲಕ್ಕೆ ಊರಿ, ಸೊಂಟ ಮೇಲೆತ್ತಿ, ಅಲ್ಲಿಂದ ಎದೆಯನ್ನು ನೆಲಕ್ಕೆ ಸವರಿದಂಗೆ ಮುಂದಕ್ಕೆ ತಂದು, ತಲೆ ಎತ್ತಿ ಬೆನ್ನನ್ನು ಹಿಂದಕ್ಕೆ ಬಗ್ಗಿಸುವುದು. ಮತ್ತೆ ಸೊಂಟ ಮೇಲಕ್ಕೆ. ಒಂದೇ ದಂಡದಲ್ಲಿ ನಡ ಮುಂದಕ್ಕೂ ಬಾಗುತ್ತದೆ, ಹಿಂದಕ್ಕೂ ಬಾಗುತ್ತದೆ. ಇದನ್ನು ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆದರೆ ಗರಡಿ ನಡುನೋವಿನ ಔಷಧಿ ಅಂತ ಹುಟ್ಟಿದ್ದಲ್ಲ. ಅದು ಕುಸ್ತಿಗೆ, ಹರೆಯದ ಗಂಡು ಹುಡುಗರಿಗೆ. ನಲವತ್ತು ದಾಟಿದವನು ನಡ ಹಿಡಿದುಕೊಂಡು ಬಂದರೆ ಅಲ್ಲಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು, ಸಾಮು ಕಲಿಸುತ್ತಿರಲಿಲ್ಲ. ಹೆಣ್ಣುಮಕ್ಕಳಂತೂ ಹೊಸ್ತಿಲು ದಾಟುವಂತಿಲ್ಲ. ಕಳೆ ತೆಗೆದು, ನೀರು ಹೊತ್ತು, ಹೆರಿಗೆಯಾಗಿ ನಡ ಹೋಗುವುದು ಅವರದ್ದೇ. ಸಾಮು ಮಾತ್ರ ಅವರದ್ದಲ್ಲ. "ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು" ಅಂತ ಭಾಷಣ ಮಾಡುವವರಿಗೆ ನಾನು ಇದನ್ನೇ ಹೇಳುವುದು.

ಅತ್ತ ಮೈಸೂರಿನಲ್ಲಿ ಬೇರೆ ಕೆಲಸ ನಡೆದಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರ ಬರೆಸಿಟ್ಟಿದ್ದಾರೆ. ನಾಲ್ವಡಿಯವರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಸಿ ತಿರುಮಲೈ ಕೃಷ್ಣಮಾಚಾರ್ಯರಿಗೆ ಒಪ್ಪಿಸಿದರು. ಆಚಾರ್ಯರು ಚಿತ್ರದುರ್ಗ ಸೀಮೆಯವರು. 1934ರಲ್ಲಿ ಅವರ 'ಯೋಗ ಮಕರಂದ' ಅಚ್ಚಾಯಿತು, ಅದೂ ಕನ್ನಡದಲ್ಲಿ. ಅವರ ಶಿಷ್ಯರೇ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಚಿಕ್ಕಂದಿನಲ್ಲಿ ಕಾಯಿಲೆಯ ಹುಡುಗ, 1937ರಲ್ಲಿ ಪುಣೆಗೆ ಹೋಗಿ ಅಲ್ಲೇ ನಿಂತರು. ಮೈ ಬಗ್ಗದವರಿಗೆ ಹಗ್ಗ, ಮರದ ತುಂಡು, ಕುರ್ಚಿ ಕೊಟ್ಟು ಆಸನ ಮಾಡಿಸಿದ್ದು ಅವರು. ನನ್ನ ಮಟ್ಟಿಗೆ ದೊಡ್ಡ ಕೆಲಸ ಇದೇ. ಬಗ್ಗುವ ಮೈಯನ್ನು ಯಾರು ಬೇಕಾದರೂ ಬಗ್ಗಿಸಬಹುದು.

ಇದೆಲ್ಲ ಕನ್ನಡದಲ್ಲಿ ನಡೆದರೂ ನಮಗೆ ಮುಟ್ಟಲಿಲ್ಲ. ಆಗ ಆದವಾನಿ, ಆಲೂರು ತಾಲ್ಲೂಕುಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ನಾವು ಈ ಕಡೆ ಬಂದೆವು. ಮೈಸೂರು ನಮಗೆ ಮೊದಲೂ ಪರರಾಜ್ಯ, ಆಮೇಲೂ ಪರರಾಜ್ಯ. ನಾನು ಯೋಗಾಸನದ ಹೆಸರು ಕೇಳಿದ್ದು ತಲೆಗೂದಲು ನೆರೆಯುವಾಗ.

'ಯೋಗ ಮಕರಂದ' ಬಂದ ಅದೇ 1934ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಮಿಕ್ಸ್‌ಟರ್, ಬಾರ್ ಅನ್ನುವ ಇಬ್ಬರು ಡಾಕ್ಟರು ಒಂದು ಲೇಖನ ಬರೆದರು. ಬೆನ್ನೆಲುಬಿನ ಮಣಿ ಮಣಿಗಳ ನಡುವೆ ಮೆತ್ತೆ ಇರುತ್ತದಲ್ಲ, ಡಿಸ್ಕು ಅಂತಾರೆ, ಅದು ಹರಿದು ಹೊರಗೆ ಬಂದು ನರವನ್ನು ಒತ್ತುವುದರಿಂದ ಕಾಲಿಗೆ ನೋವು ಇಳಿಯುತ್ತದೆ, ಅದನ್ನು ಕೊಯ್ದು ತೆಗೆಯಬಹುದು ಅಂತ. ಮಾತು ನಿಜವೇ. ಆದರೆ ಆಮೇಲೆ ಜನ ನಡುನೋವು ಅಂದರೆ ಡಿಸ್ಕೇ ಅನ್ನುವ ಹಂಗಾಯಿತು. ಇವತ್ತಿಗೂ ನಮ್ಮೂರಲ್ಲಿ "ಮಣಿ ಸರಿದೈತೆ" ಅಂದುಕೊಂಡು ಹೆದರಿ ಕೂತವರು ಎಷ್ಟು ಮಂದಿ! ಹೆದರಿದವನು ಅಲುಗಾಡುವುದಿಲ್ಲ, ಅಲುಗಾಡದ ನಡ ಇನ್ನಷ್ಟು ಬಿಗಿಯುತ್ತದೆ.

1937ರಲ್ಲಿ ಟೆಕ್ಸಾಸಿನ ಪಾಲ್ ವಿಲಿಯಮ್ಸ್ ಅನ್ನುವ ಡಾಕ್ಟರು ಸಾಮು ಹೇಳಿದರು. ಎಲ್ಲ ಮುಂದಕ್ಕೆ ಬಗ್ಗುವ ಸಾಮು. ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ತರುವುದು, ಹೊಟ್ಟೆ ಬಿಗಿಯುವುದು. ಬೆನ್ನು ಹಿಂದಕ್ಕೆ ಬಾಗಬಾರದು ಅನ್ನುವುದು ಅವರ ವಾದ. ಬಹಳ ವರ್ಷ ಇದೇ ನಡೆಯಿತು.

ಇದನ್ನು ತಿರುಗಿಸಿದ್ದು ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ, ಡಾಕ್ಟರಲ್ಲ, ಮೈ ತಿದ್ದುವ ಫಿಜಿಯೋ. ಕತೆ ಚೆನ್ನಾಗಿದೆ. 1956ರಲ್ಲಿ ವಾರಗಟ್ಟಲೆ ನೋವು ಇಳಿಯದ ರೋಗಿಯೊಬ್ಬನಿಗೆ, ಒಳಗೆ ಹೋಗಿ ಬೋರಲು ಮಲಗು ಅಂದರು. ಹಿಂದಿನ ರೋಗಿಗೆ ಅಂತ ಮಂಚದ ತಲೆಭಾಗ ಎತ್ತಿಟ್ಟಿದ್ದರು, ಇಳಿಸಿರಲಿಲ್ಲ. ಇವನು ಹಂಗೇ ಅದರ ಮೇಲೆ ಬೋರಲು ಬಿದ್ದ, ಬೆನ್ನು ಹಿಂದಕ್ಕೆ ಬಾಗಿತು. ಸ್ವಲ್ಪ ಹೊತ್ತಿಗೆ ಬಂದು ನೋಡಿದವರಿಗೆ ಎದೆ ಧಸಕ್ಕೆಂದಿತು. ರೋಗಿ ಮಾತ್ರ, ಇಷ್ಟು ದಿನದಲ್ಲಿ ಇವತ್ತೇ ಹಾಯಾಗಿದೆ, ಕಾಲಿನ ನೋವು ಹೋಯಿತು ಅಂದ. ಅಲ್ಲಿಂದ ಮೆಕೆಂಜಿ ಒಬ್ಬೊಬ್ಬರನ್ನೂ ಯಾವ ಕಡೆ ಬಗ್ಗಿಸಿದರೆ ನೋವು ಕಾಲಿನಿಂದ ನಡುವಿನ ಕಡೆ ಸರಿಯುತ್ತದೆ ಅಂತ ನೋಡುತ್ತಾ ಹೋದರು. ಬಹಳ ಜನಕ್ಕೆ ಅದು ಹಿಂದಕ್ಕೆ ಬಗ್ಗುವುದಾಗಿತ್ತು. 1981ರಲ್ಲಿ ಪುಸ್ತಕ ಬರೆದರು.

ಒಬ್ಬರು ಮುಂದಕ್ಕೆ, ಒಬ್ಬರು ಹಿಂದಕ್ಕೆ. ಎರಡೂ ಪಕ್ಷದವರು ವರ್ಷಗಟ್ಟಲೆ ಜಗ್ಗಾಡಿದರು. ಮೇಷ್ಟ್ರು ಇದನ್ನು ಓದುವಾಗ ನನಗೆ ನಗು ಬಂತು, ಯಾಕಂದರೆ ಎರಡೂ ಒಂದು ದಂಡದೊಳಗೆ ಇದೆ. ವಿಲಿಯಮ್ಸ್ ಹೇಳಿದ್ದು ಪವನಮುಕ್ತಾಸನಕ್ಕೆ ಹತ್ತಿರ, ಮೆಕೆಂಜಿ ಹೇಳಿದ್ದು ಭುಜಂಗಾಸನಕ್ಕೆ ಹತ್ತಿರ. ಆಮೇಲೆ 1996ರ ಹೊತ್ತಿಗೆ ಆಸ್ಟ್ರೇಲಿಯದವರು, ನಡುನೋವಿನವರಿಗೆ ಹೊಟ್ಟೆಯ ಒಳಪದರದ ಸ್ನಾಯು ತಡವಾಗಿ ಬಿಗಿಯುತ್ತದೆ, ಅದಕ್ಕೇ ಸಾಮು ಬೇಕು ಅಂದರು. ಜರ್ಮನಿಯ ಜೋಸೆಫ್ ಪಿಲಾಟೀಸ್ ಕಟ್ಟಿದ ಸಾಮೂ ಪೇಟೆಗಳಲ್ಲಿ ಹಬ್ಬಿತು. ಒಬ್ಬೊಬ್ಬರದ್ದೂ ಒಂದೊಂದು ಅಂಗಡಿ.

ಇನ್ನು ತೂಗುವ ಮಾತು. ರೋಗಿಗಳನ್ನು ಚೀಟಿ ಎತ್ತಿದಂಗೆ ಎರಡು ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಉಪಚಾರ ಕೊಟ್ಟು ತಿಂಗಳಾದ ಮೇಲೆ ನೋಡುತ್ತಾರೆ. ಯಾರು ಯಾವ ಗುಂಪು ಅನ್ನುವುದು ಚೀಟಿಯ ಪಾಲು, ಡಾಕ್ಟರ ಇಷ್ಟ ಅಲ್ಲ. ಮೊದಲು ಬಿದ್ದದ್ದು ಮಲಗುವ ಮಾತು. 1986ರಲ್ಲಿ ಟೆಕ್ಸಾಸಿನಲ್ಲಿ 203 ಜನಕ್ಕೆ, ಅರ್ಧ ಮಂದಿಗೆ ಎರಡು ದಿನ, ಅರ್ಧ ಮಂದಿಗೆ ಏಳು ದಿನ ಮಲಗಲು ಹೇಳಿದರು. ನೋವಿನಲ್ಲಿ ಫರಕು ಇಲ್ಲ. ಎರಡು ದಿನದವರು ಕೆಲಸ ತಪ್ಪಿಸಿದ್ದು ಮಾತ್ರ ಕಡಿಮೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 186 ನೌಕರರನ್ನು ನೋಡಿದರು. ಮಲಗಿದವರಿಗಿಂತಲೂ, ಸಾಮು ಮಾಡಿದವರಿಗಿಂತಲೂ, ನೋವು ತಡೆಯುವಷ್ಟು ತಮ್ಮ ಪಾಡಿಗೆ ಓಡಾಡಿಕೊಂಡಿದ್ದವರೇ ಬೇಗ ಗುಣವಾದರು. ಇದು ಹೊಸದಾಗಿ ಹಿಡಿದ ನೋವಿನ ಲೆಕ್ಕ, ಆಗ ಸಾಮಿನ ಅವಸರ ಬೇಡ ಅಂತಾಯಿತು.

ಮೂರು ತಿಂಗಳು ದಾಟಿ ಮನೆ ಮಾಡಿಕೊಂಡ ನೋವೇ ಬೇರೆ. ಅಲ್ಲಿ ಸಾಮಿಗೆ ಕೆಲಸ ಇದೆ. 2021ರಲ್ಲಿ ಕೊಕ್ರೇನ್ ಅನ್ನುವ ಸಂಸ್ಥೆ ಇಂಥ 249 ಪರೀಕ್ಷೆಗಳನ್ನು ಒಟ್ಟು ಹಾಕಿತು, 24 ಸಾವಿರಕ್ಕೂ ಮೇಲೆ ಜನ. ಏನೂ ಮಾಡದವರಿಗೆ, ಮಾಮೂಲಿ ಉಪಚಾರದವರಿಗೆ ಹೋಲಿಸಿದರೆ ಸಾಮು ಮಾಡಿದವರ ನೋವು ನೂರಕ್ಕೆ ಹದಿನೈದರಷ್ಟು ಇಳಿದಿತ್ತು. ನೂರಕ್ಕೆ ನೂರಲ್ಲ, ಹದಿನೈದು. ಮಾಯಾಮಂತ್ರ ಅಲ್ಲ, ಆದರೂ ಬಗ್ಗಿ ಬಿಂದಿಗೆ ಎತ್ತುವವಳಿಗೆ ಅದು ಗೊತ್ತಾಗುವಷ್ಟು ಹಗುರ. ಸಾಮು ಸಾಮುಗಳನ್ನೇ ಎದುರುಬದುರು ನಿಲ್ಲಿಸಿದಾಗ ಪಿಲಾಟೀಸ್, ಮೆಕೆಂಜಿ ಕ್ರಮಗಳು ತುಸು ಮೇಲೆ ಬಂದವು. ಅಂತರ ದೊಡ್ಡದಲ್ಲ.

ಯೋಗದ್ದೂ ಹಂಗೇ. ಬೆಂಗಳೂರಿನ ಹತ್ತಿರ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ 80 ಜನರನ್ನು ಒಂದು ವಾರ ಇಟ್ಟುಕೊಂಡು ನೋಡಿದರು, ಅದರ ವರದಿ 2008ರಲ್ಲಿ ಬಂತು. ಬರೀ ಕಸರತ್ತು ಮಾಡಿದವರಿಗಿಂತ ಯೋಗ ಮಾಡಿದವರು ಮುಂದಿದ್ದರು. ಆದರೆ ಅಡಿಗೆ ಇಲ್ಲ, ದನ ಇಲ್ಲ, ಹೊಲ ಇಲ್ಲ, ಅಂಥ ಒಂದು ವಾರದ ಲೆಕ್ಕ ಅದು. 2011ರಲ್ಲಿ ಅಮೆರಿಕದಲ್ಲಿ 228 ಜನರ ಮೇಲೆ ನೋಡಿದಾಗ ಯೋಗ, ಪುಸ್ತಕ ಓದಿಕೊಂಡವರಿಗಿಂತ ಮೇಲಾಯಿತು. ಮೈ ಜಗ್ಗುವ ಸಾದಾ ಸಾಮಿಗಿಂತ ಮೇಲಾಗಲಿಲ್ಲ. ನನಗೆ ಹಿಡಿಸಿದ್ದು 2017ರ ಬೋಸ್ಟನ್ನಿನದು. ಅಲ್ಲಿನ 320 ಜನರಲ್ಲಿ ಹೆಚ್ಚಿನವರು ಬಡವರು. ಹನ್ನೆರಡು ವಾರದ ಯೋಗ, ಫಿಜಿಯೋ ಹತ್ತಿರ ಹೋಗಿ ಮಾಡಿದ ಸಾಮಿಗೆ ಸಮ ಬಂತು. ಹಾಗಾದರೆ ಕಾಸಿದ್ದವನ ಸಾಮೇ ದೊಡ್ಡದು ಅನ್ನುವಂತಿಲ್ಲ.

ಇಲ್ಲಿ ನಮ್ಮವರು ಒಂದು ಮಾತು ಕೇಳುತ್ತಾರೆ: "ದಿನಾ ದುಡೀತೀವಲ್ಲ, ಅದು ಸಾಮಲ್ಲೇನು?" ಅಲ್ಲ. ಮೆಣಸಿನಕಾಯಿ ಹರಿಯುವವಳ ನಡ ಎಂಟು ಗಂಟೆ ಒಂದೇ ಕಡೆ, ಮುಂದಕ್ಕೇ ಬಾಗಿರುತ್ತದೆ. ಹಿಂದಕ್ಕೆ ಒಮ್ಮೆಯೂ ಇಲ್ಲ, ತಿರುಗುವುದಿಲ್ಲ, ಬಿಡುವಿಲ್ಲ. ಸಾಮಿನಲ್ಲಿ ಎಷ್ಟು ಸಲ, ಎಷ್ಟು ಹೊತ್ತು ಅನ್ನುವುದು ನಮ್ಮ ಕೈಯಲ್ಲಿರುತ್ತದೆ. ಕೂಲಿಯಲ್ಲಿ ಅದು ಮೇಸ್ತ್ರಿಯ ಕೈಯಲ್ಲಿರುತ್ತದೆ. ಅವಳು ಸಾಲಿನ ಕೊನೆಗೆ ನಿಂತು, ಅಂಗೈ ನಡುವಿಗೆ ಕೊಟ್ಟು ನಾಲ್ಕು ಸಲ ಹಿಂದಕ್ಕೆ ಬಾಗಿದರೆ ಅದು ಸಾಮು. ಚಿಕ್ಕವಯಸ್ಸಿನ ಮೇಸ್ತ್ರಿಗಳು ಇದನ್ನು ನೋಡಿ ಬೈಯುತ್ತಾರಂತೆ. ಅವರಿಗೂ ವಯಸ್ಸಾಗುತ್ತದೆ.

ಬೆಲ್ಟಿನ ವಿಷಯ: ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೇ ನಡುನೋವಿಗೆ ಅಂತ ಸೂಚನೆ ಕೊಟ್ಟಿತು. ಸಾಮು ಮಾಡಿಸಿ, ರೋಗಿಗೆ ತಿಳಿಹೇಳಿ. ಬೆಲ್ಟು, ತೂಕ ಕಟ್ಟಿ ಎಳೆಯುವುದು ರೂಢಿಯಲ್ಲಿ ಬೇಡ ಅಂತ. ನಮ್ಮ ಮನೆಗಳಲ್ಲಿ ಮೊಳೆಗೆ ನೇತು ಹಾಕಿರುವ ಬೆಲ್ಟುಗಳನ್ನು ಎಣಿಸಿದರೆ ಒಂದು ಗಾಡಿ ಆದೀತು.

ಸಾಮಿಗೆ ಕೈ ಹಾಕುವ ಮೊದಲು ಡಾಕ್ಟರಿಗೆ ತೋರಿಸಲೇಬೇಕಾದ ನೋವೂ ಇದೆ. ನಡುನೋವಿನ ಜತೆ ಉಚ್ಚೆ ಕಟ್ಟಿದರೆ, ಉಚ್ಚೆ ಮಲ ತಡೆಯಲಾಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಹೋದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ ಬಂದು ಮೈ ಇಳಿಯುತ್ತಿದ್ದರೆ ಬೆನ್ನೆಲುಬಿನ ಕ್ಷಯ ಇರಬಹುದು. ಬಿದ್ದು ಬಂದ ನೋವನ್ನೂ ತೋರಿಸಬೇಕು. ಇವಕ್ಕೆ ದಂಡವೂ ಬೇಡ, ಕಾಲು ಮುಂದಾಗಿ ಹುಟ್ಟಿದವರೂ ಬೇಡ.

ಕಡೆಯದು 2024ರಲ್ಲಿ ಆಸ್ಟ್ರೇಲಿಯದಿಂದ ಬಂದದ್ದು. ನಡುನೋವು ಬಂದು ವಾಸಿಯಾದ 701 ಜನರಲ್ಲಿ ಒಂದು ಗುಂಪಿಗೆ ಬರೀ ನಡೆಯಲು ಹೇಳಿದರು. ಮೆಲ್ಲಗೆ ಹೆಚ್ಚಿಸುತ್ತಾ ವಾರಕ್ಕೆ ಐದು ದಿನ, ಅರ್ಧ ಗಂಟೆಯ ತನಕ. ಜತೆಗೆ ಆರು ಸಲ ತಿಳಿಹೇಳಿದ್ದು ಅಷ್ಟೇ. ಮತ್ತೆ ನೋವು ತಿರುಗಿ ಬರಲು ನಡೆಯದವರಿಗೆ ನಡುಲೆಕ್ಕದಲ್ಲಿ 112 ದಿನ ಹಿಡಿದರೆ, ನಡೆದವರಿಗೆ 208 ದಿನ ಹಿಡಿಯಿತು.

ಇದನ್ನು ಭಜನೆಯ ರಾತ್ರಿ ಗುಡಿ ಕಟ್ಟೆಯ ಮೇಲೆ ಓದಿ ಹೇಳಿದೆ. ಈಗ ನಮ್ಮ ಓಣಿಯ ಐದಾರು ಹೆಣ್ಣುಮಕ್ಕಳು ರಾತ್ರಿ ಊಟವಾದ ಮೇಲೆ ಕಾಲುವೆ ಸೇತುವೆ ತನಕ ಹೋಗಿ ಬರುತ್ತಾರೆ. ಹೋಗುವಾಗ ಪದ ಹೇಳುತ್ತಾರೆ, ಬರುವಾಗ ಸೊಸೆಯಂದಿರ ವಿಷಯ. ದಾರಿಯಲ್ಲಿ ಎರಡು ದೀಪದ ಕಂಬ ಹೋಗಿ ಕತ್ತಲಾಗಿದೆ, ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟಿದ್ದೇವೆ.