ಕುಡಚಿ ರೈಲ್ವೆ ಬ್ರಿಜ್ ಮತ್ತು ನಮ್ಮ ಹೊಳಿ ನೀರು

ಮಳೆಗಾಲದಾಗ ನಮ್ಮ ಕಡೆ ದಿನಾ ಕೇಳೂ ಮಾತು ಎರಡು. ಯಾವ ಬ್ರಿಜ್ ಮುಳುಗಿತು? ಇರ್ವಿನ್ ಪೂಲಿಗೆ ಎಷ್ಟು ಫೂಟ್ ನೀರು ಬಂತು? ಅದಕ್ಕ ಈ ಸಲ ಬ್ರಿಜ್ ಹೆಸರು ಮತ್ತು ಉಪಯೋಗದ ಬಗ್ಗೆ, ಅದರಾಗೂ ಕುಡಚಿ ರೈಲ್ವೆ ಬ್ರಿಜ್ ಬಗ್ಗೆ ಬರದೀನಿ.

ಅಕ್ಕೋಳದವರಿಗೆ ಕುಡಚಿ ಯಾಕ ಅನ್ನಬ್ಯಾಡ್ರಿ. ನಮ್ಮ ವೇದಗಂಗಾ ಮುಂದ ದೂಧಗಂಗಾ ಕೂಡತಾಳ. ದೂಧಗಂಗಾ ಹೋಗಿ ಕೃಷ್ಣಾ ಸೇರತಾಳ. ಪಂಚಗಂಗಾ ಅದಕ್ಕೂ ಮೇಲೆ ನರಸೋಬವಾಡಿ ಹತ್ರಾನೇ ಕೃಷ್ಣಾಕ್ಕ ಬಿದ್ದಿರತೈತಿ. ಅಂದ್ರ ಈ ನಾಲ್ಕೂ ಹೊಳಿ ನೀರು ಒಟ್ಟಿಗೆ ಹೋಗೂದು ಕುಡಚಿ ಮತ್ತು ಉಗಾರ ಖುರ್ದ ನಡುವಿನ ಬ್ರಿಜ್ ಕೆಳಗ. ನಮ್ಮ ಹೊಲದ ಮಣ್ಣು ತೊಳೆದ ನೀರೂ ಅದರಾಗ ಇರತೈತಿ.

ಈ ರೈಲು ಬಂದದ್ದು ಬರದಿಂದ. 1876–78ರ ಬರದಾಗ ಕಾಳು ಸಾಗಿಸಾಕ ಚಕ್ಕಡಿ ಬೇಕು, ಚಕ್ಕಡಿಗೆ ಎತ್ತು ಬೇಕು. ಎತ್ತಿಗೆ ಮೇವು ನೀರು ಇಲ್ಲ. ಬ್ಯಾರೆ ಕಡೆ ಕಾಳು ಇದ್ದರೂ ಹಸಿದವನ ಊರು ಮುಟ್ಟಲಿಲ್ಲ. ಆಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದರ ಮುಖ್ಯ ಕಚೇರಿ ಧಾರವಾಡದಾಗಿತ್ತು. ಆ ಕಟ್ಟಡದಾಗ ಮುಂದ ಕರ್ನಾಟಕ ಕಾಲೇಜ್ ಬಂತು. ಪುಣೆ, ಮೀರಜ, ಬೆಳಗಾವಿ, ಲೋಂಡಾ ಮೀಟರ್ ಗೇಜ್ ಹಳಿ ಹಾಕುವಾಗ ಕುಡಚಿ ಹತ್ರ ಕೃಷ್ಣಾ ದಾಟಿದರು. 1891ಕ್ಕ ಮೀರಜದಿಂದ ಕೊಲ್ಹಾಪುರಕ್ಕೂ ಗಾಡಿ ಬಂತು. ನಿಪ್ಪಾಣಿಗೆ ಬರಲಿಲ್ಲ, ನಮ್ಮ ತಂಬಾಕು ರಸ್ತೆ ಮ್ಯಾಲೇ ಹೋತು. ಕಾಳಿಗಾಗಿ ಹಾಕಿದ ಹಳಿ ಮುಂದ ಕಬ್ಬಿನ ನಾಡಿಗೂ ಉಪಯೋಗ ಆತು. 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಶುರುವಾದದ್ದು ಇದೇ ಹಳಿ ಬಾಜೂಕ.

ಈಗ ಹೆಸರಿಗೆ ಬರೋಣ. ಆ ಕಾಲದಾಗ ದೊಡ್ಡ ಪೂಲ್ ಕಟ್ಟಿದರ ಸಾಹೇಬರ ಹೆಸರು ಇಡೂದು ರೂಢಿ. ಸಾಂಗಲಿಯಲ್ಲಿ 1929ರ ಪೂಲಿಗೆ ವೈಸರಾಯ್ ಇರ್ವಿನ್ ಹೆಸರು. ಇರ್ವಿನ್ ಯಾರಂತ ನಮ್ಮ ಹುಡುಗರಿಗೆ ಗೊತ್ತಿಲ್ಲ, ಆದರೂ ಆ ಹೆಸರು ಇನ್ನೂ ಬಾಯಾಗ ಐತಿ. ಯಾಕಂದ್ರ ಅಲ್ಲಿ ನೀರಿನ ಅಳತಿ ಐತಿ. 40 ಫೂಟ್ ಎಚ್ಚರಿಕೆ, 45 ಫೂಟ್ ಅಪಾಯ. 2019ರಲ್ಲಿ 57 ಫೂಟ್ ದಾಟಿತ್ತು. ಸಾಹೇಬ ಹೋದ, ಅಳತಿ ಉಳೀತು, ಅದರ ಜೋಡಿ ಹೆಸರೂ ಉಳೀತು.

ಕುಡಚಿ ರೈಲ್ವೆ ಬ್ರಿಜ್ಜಿಗೆ ಮಾತ್ರ ಊರ ಹೆಸರೇ. ನಮ್ಮ ಬಾಕಿ ಬ್ರಿಜ್‌ಗಳೂ ಹಂಗ. ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿ, ಕಾರದಗಾ–ಭೋಜ. ಆ ದಂಡಿ ಒಂದು ಊರು, ಈ ದಂಡಿ ಒಂದು ಊರು. ಹೊಳಿ ತುಂಬಿದಾಗ ಯಾವ ದಾರಿ ಬಂದ್ ಅನ್ನೂದು ಹೆಸರಿನಾಗೇ ತಿಳೀತೈತಿ. ಇದಕ್ಕಿಂತ ಉಪಯೋಗದ ಹೆಸರು ಯಾವದೈತಿ?

ಇನ್ನೊಂದು ಮಾತು. ರಸ್ತೆ ಬ್ರಿಜ್ ಮುಳುಗಿದ್ರೂ ರೈಲ್ವೆ ಬ್ರಿಜ್ ಯಾಕ ಎತ್ತರ ಇರತೈತಿ? ರೈಲು ಚಕ್ಕಡಿಯಂಗ ಹೊಳಿಗೆ ಇಳದು ಏರಾಕ ಆಗೂದಿಲ್ಲ. ದೂರದಿಂದಲೇ ಮಣ್ಣಿನ ಏರಿ ಹಾಕಿ ಹಳಿ ಸಮ ಮಾಡಿಕೊಂಡು ಬರಬೇಕು. ನಮ್ಮ ಹೊಳಿ ಮ್ಯಾಲಿನ ಬಾಂದಾರ ಕಟ್ಟಿದ್ದು ಮುಖ್ಯವಾಗಿ ನೀರು ನಿಂದರಸಾಕ. ಮಳೆ ಹೋದಮ್ಯಾಲೆ ಹಲಗಿ ಹಾಕೂದು, ಮಳೆಗಾಲಕ್ಕ ಮೊದಲ ತಗಿಯೂದು. ಅದರ ತಲಿ ಮ್ಯಾಲೆ ರಸ್ತೆ ಹೊಂಟೈತಿ. ಬ್ಯಾಸಗಿ ಪೈರಿಗೆ ಅದು ಬೇಕೇ ಬೇಕು. ಆದ್ರ ಬಾಂದಾರವನ್ನ ವರ್ಷಪೂರ್ತಿ ದಾರಿ ಅಂತ ನಂಬಿದರ, ಬಾಣಂತಿ, ಹಾಲಿನ ಗಾಡಿ, ಸಾಲಿ ಹುಡುಗರು ಎಲ್ಲಾರೂ ಸುತ್ತು ಹಾಕಬೇಕು. ನೀರು ನಿಂದರಸೂದು ಒಂದು ಕೆಲಸ, ಮಂದಿ ದಾಟಿಸೂದು ಇನ್ನೊಂದು. ಹೊಸ ಬ್ರಿಜ್ ಕೇಳುವಾಗ ನಾವು ಎತ್ತರ ಎಷ್ಟು ಅಂತ ಮೊದಲ ಕೇಳಬೇಕು.

ಕಡೀಕ, ಇರ್ವಿನ್ ಫೂಟ್ ಒಂದೇ ನೋಡಿ ಕೂಡಬ್ಯಾಡ್ರಿ. ಸಾಂಗಲಿ ಇರೂದು ಪಂಚಗಂಗಾ ಕೂಡುವ ಮೊದಲ. ನಮ್ಮ ವೇದಗಂಗಾ ನೀರು ಪಾಟಗಾಂವ ಡ್ಯಾಮ್ ಮತ್ತು ಗಾರಗೋಟಿ ಕಡಿ ಮಳಿ ಮ್ಯಾಲೆ ನಿಂತೈತಿ. ದೂಧಗಂಗಾಕ್ಕ ಕಾಳಮ್ಮವಾಡಿ ಡ್ಯಾಮ್ ನೋಡ್ರಿ. ಕೆಳಗ ಕೃಷ್ಣಾ ತುಂಬಿದ್ರ ನಮ್ಮ ಹೊಳಿ ನೀರು ಮುಂದ ಹೋಗದ ಹಿಂದ ಒತ್ತತೈತಿ. ಹಂಗಾಗಿ ಮಳಿ ನಿಂತರೂ ನೀರು ಲಗೂ ಇಳಿಯೂದಿಲ್ಲ. ನಿಮ್ಮೂರ ಬ್ರಿಜ್ ಕಂಬಕ್ಕ ಎಣ್ಣಿ ಬಣ್ಣದಲೆ ಫೂಟ್ ಗುರ್ತು ಹಾಕ್ರಿ, ದಿನಾ ಮುಂಜಾನೆ ನೋಡಿ ಬರದಿಡ್ರಿ. ಎಷ್ಟು ಫೂಟಿಗೆ ಯಾರ ಹೊಲಕ್ಕ ನೀರು ಬಂತು ಅನ್ನೂದು ಎರಡು ಮಳೆಗಾಲದಾಗ ತಿಳೀತೈತಿ. ಆವಾಗ ಮೋಟರ್ ಎತ್ತೂದು, ದನ ಬಿಚ್ಚೂದು ರಾತ್ರಿ ಗಡಿಬಿಡಿ ಆಗೂದಿಲ್ಲ.