ನಾಣ್ಯಪ್ರಿಯರ ಸಮಾವೇಶ
ಅಮೆರಿಕದ ನಾಣ್ಯ ಸಂಗ್ರಾಹಕರ ವಾರ್ಷಿಕ ಸಮಾವೇಶದ ಬೇರು ಒಂದು ಪುಟ್ಟ ಪತ್ರಿಕೆಯಲ್ಲಿದೆ. ಮಿಷಿಗನ್ ರಾಜ್ಯದ ಮನ್ರೋ ಊರಿನ ವೈದ್ಯ ಜಾರ್ಜ್ ಹೀತ್ 1888ರಲ್ಲಿ ಅದನ್ನು ಆರಂಭಿಸಿದರು. ದೂರದೂರದ ಊರುಗಳಲ್ಲಿ ಒಂಟಿಯಾಗಿ ನಾಣ್ಯ ಕೂಡಿಡುತ್ತಿದ್ದವರನ್ನು ಅದು ಹತ್ತಿರ ತಂದಿತು. ಸಂಘ ಕಟ್ಟುವ ಕರೆಗೆ ಓಗೊಟ್ಟು 1891ರ ಅಕ್ಟೋಬರ್ 7ರಂದು ಶಿಕಾಗೋದಲ್ಲಿ ಸೇರಿದವರು ಐದೇ ಮಂದಿ. ಬರಲಾಗದ 26 ಜನರ ಪರವಾಗಿಯೂ ಅವರೇ ನಿಂತು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಸ್ಥಾಪಿಸಿದರು; ಪ್ರಯಾಣ ಸುಲಭವಲ್ಲದ ಆ ಕಾಲಕ್ಕೆ ಇದು ನಿಜಕ್ಕೂ ಮೆಚ್ಚತಕ್ಕ ಏರ್ಪಾಡು. 1912ರಲ್ಲಿ ಅಮೆರಿಕದ ಸಂಸತ್ತು ಸಂಘಕ್ಕೆ ಸನ್ನದು ನೀಡಿತು. ಸಂಘದ ಸಮಾವೇಶ ಒಂದೇ ಊರಿಗೆ ಅಂಟಿಕೊಳ್ಳದೆ ನಗರದಿಂದ ನಗರಕ್ಕೆ ಸಾಗಿತು. ಮಳಿಗೆ, ಹರಾಜು, ಉಪನ್ಯಾಸಗಳು ಸೇರಿಕೊಂಡವು. ಆದರೂ ಅಪರೂಪದ ನಾಣ್ಯವನ್ನು ಕಣ್ಣಾರೆ ಕಂಡು, ತಿಳಿದವರೊಡನೆ ಚರ್ಚಿಸುವುದೇ ಇಲ್ಲಿನ ದೊಡ್ಡ ಲಾಭ. 2020ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆಯಬೇಕಿದ್ದ ಸಮಾವೇಶ ಕೋವಿಡ್‌ನಿಂದಾಗಿ ರದ್ದಾಯಿತು.